ಅಣ್ಣನ ಕಾರು, ಷಡ್ಡಕನ ಟೆಸ್ಟ್ ಡ್ರೈವ್

ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಒಡೆಯುವಾಗ ಎಂಥ ಸದ್ದು ಬರುತ್ತದೆ ಹೇಳಿ?

ಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ. ಎಷ್ಟೋ ಹೊಸ ಗಾಡಿಗಳ ಪೂಜೆಗೆ ಹೋಗಿ ಪುಳಿಯೋಗರೆ ತಿಂದು ಬಂದಿದ್ದೇನೆ, ಕಿವಿಗೊಟ್ಟಿರಲಿಲ್ಲ ಅಷ್ಟೇ. ಈಗ ಗೊತ್ತು. ಮೆತ್ತಗಿನ ಸದ್ದು, ಯಾರೋ ತುಟಿ ಬಿಚ್ಚಿದ ಹಾಗೆ. ಅಡುಗೆಮನೆಯಲ್ಲಿ ಚಿತ್ರಾನ್ನಕ್ಕೆ ಹಣ್ಣು ಹಿಂಡಲು ಹೋದರೂ ಕೈ ನಿಲ್ಲುತ್ತದೆ. ಕಣ್ಣ ಮುಂದೆ ಒಂದು ಬಿಳಿ ಕಾರು, ಯಾವ ಆತುರವೂ ಇಲ್ಲದೆ, ನೀರಿನೊಳಗೆ ತೇಲುವಂತೆ, ನನ್ನ ಅತ್ತಿಗೆಯ ಕಡೆಗೆ ಹೋಗುತ್ತದೆ.

ನಿಜದಲ್ಲಿ ಅದು ತೇಲಲಿಲ್ಲ. ಅಲ್ಲಿದ್ದವರೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು ಎನ್ನುತ್ತಾರೆ. ನನ್ನ ತಲೆಯೊಳಗೆ ಮಾತ್ರ ಇನ್ನೂ ಮುಗಿದಿಲ್ಲ.

ಮೊದಲಿಂದ ಹೇಳುತ್ತೇನೆ.

ನನ್ನ ಅಣ್ಣ ಕೃಷ್ಣಪ್ಪ ಗುಡೇಮಾರನಹಳ್ಳಿಯಲ್ಲಿ ಬೇಸಾಯಗಾರ. ಮೀಸೆ ಮೂಡಿದಾಗಿನಿಂದ ಟ್ರ್ಯಾಕ್ಟರ್ ಓಡಿಸಿದವನು. ಮದುವೆ, ಗೃಹಪ್ರವೇಶ ಅಂದರೆ ಅತ್ತಿಗೆ ಜಯಲಕ್ಷ್ಮಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಡುತ್ತಿದ್ದ. ಛತ್ರ ತಲುಪುವ ಹೊತ್ತಿಗೆ ಅತ್ತಿಗೆಯ ರೇಷ್ಮೆ ಸೀರೆಯ ಬಣ್ಣ ಯಾವುದು, ಧೂಳಿನ ಬಣ್ಣ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಈ ವರ್ಷ ಮಾವು ಚೆನ್ನಾಗಿ ಬಂತು. "ಕಾರೇ ತಗೊಂಬುಡಾನ" ಅಂದ.

ನಮ್ಮ ಕಡೆ ಯಾರೂ ಒಬ್ಬರೇ ಹೋಗಿ ಕಾರು ಕೊಳ್ಳುವುದಿಲ್ಲ. ಗೊತ್ತಿರುವವರೊಬ್ಬರನ್ನು ಕರೆದೊಯ್ಯುತ್ತೇವೆ. ನಮ್ಮ ನೆಂಟರಿಷ್ಟರಲ್ಲಿ ಆ ಗೊತ್ತಿರುವವರು ಅಣ್ಣನ ಷಡ್ಡಕ, ಕನಕಪುರದ ರಮೇಶ. (ಅತ್ತಿಗೆಯ ತಂಗಿಯ ಗಂಡ. ಕಾರಿನ ವಿಷಯದಲ್ಲಿ ನಮ್ಮೆಲ್ಲರ ಪಾಲಿನ ಸುಪ್ರೀಂ ಕೋರ್ಟ್.) ನಾನು ರಾಮನಗರದಲ್ಲೇ ಇರುವುದರಿಂದ ಹೈವೇ ಪಕ್ಕದ ಶೋರೂಮಿಗೆ ನಾನೂ ಹೋದೆ.

ರಮೇಶ ಎಲ್ಲವನ್ನೂ ಕೇಳಿದ. ಮೈಲೇಜು ಎಷ್ಟು? ನಮ್ಮ ಊರಿನ ರೋಡ್ ಹಂಪ್‌ಗೆ ತಳ ತಾಗುತ್ತಾ? ಸರ್ವಿಸ್ ಎಲ್ಲಿ? ಮ್ಯಾಟು, ಸೀಟ್ ಕವರ್ ಫ್ರೀ ಕೊಡ್ತೀರಾ? ಬೆಂಗಳೂರು ಟ್ರಾಫಿಕ್ಕಿಗೆ ಆಟೋಮ್ಯಾಟಿಕ್ಕೇ ಸರಿ ಎಂದು ತೀರ್ಪೂ ಕೊಟ್ಟ. ಅತ್ತಿಗೆಯದು ಒಂದೇ ಪ್ರಶ್ನೆ. "ಬಾಗ್ಲು ಹಾಕ್ಕೊವಾಗ ಸೆರಗು ಸಿಕ್ಕಾಕ್ಕೊಳಲ್ವೇನಮ್ಮ?"

ಉತ್ತರ ಹೇಳುತ್ತಿದ್ದವಳು ನಸ್ರೀನ್. ರಾಮನಗರದ್ದೇ, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಮನೆತನದ ಹುಡುಗಿ, ಅಲ್ಲಿ ಸೇಲ್ಸ್ ಕೆಲಸಕ್ಕಿದ್ದಾಳೆ. ನಗುತ್ತಾ, "ನಾನೂ ದುಪಟ್ಟಾ ಸಿಕ್ಕಾಕ್ಕೊಂಡೇ ಕಲ್ತಿದ್ದು ಆಂಟಿ" ಅಂದಳು.

ಟೆಸ್ಟ್ ಡ್ರೈವ್ ಆಯಿತು. ಓಡಿಸಿದ್ದು ರಮೇಶ. ಅಣ್ಣ ಅವನ ಪಕ್ಕ, ನಾನು ಮತ್ತು ಅತ್ತಿಗೆ ಹಿಂದೆ. ಒಳಗೆ ತಣ್ಣಗೆ, ಹೊರಗಿನ ಒಂದು ಸದ್ದೂ ಇಲ್ಲ. ಮೇಲಿನ ಗಾಜು ಸರಿಸಿದಾಗ ಬಂಡೆಬೆಟ್ಟಗಳು ನಮ್ಮ ನೆತ್ತಿಯ ಮೇಲೆ ಮೋಡಗಳ ಜೊತೆ ಹಿಂದಕ್ಕೆ ಹೋದವು. ಬೆಟ್ಟ ಹೋಗುತ್ತಿದೆಯೋ ನಾವೋ? "ತೊಟ್ಲಲ್ಲಿ ಮಲಗ್ದಂಗೈತೆ" ಎಂದು ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಅಣ್ಣ ಕಿಟಕಿಯಾಚೆ ಯಾರದೋ ತೆಂಗಿನ ತೋಟ ನೋಡುತ್ತಿದ್ದ. ಕಾರು ಕೊಳ್ಳುವುದು ಅಂದರೆ ಇಂಥ ಒಂದು ನಿದ್ದೆಯೊಳಗೆ ಜಾರುವುದು. ನನಗಂತೂ ಇಳಿಯುವ ಮನಸ್ಸಿರಲಿಲ್ಲ.

ಇಳಿದ ಮೇಲೆ ನಸ್ರೀನ್, "ಸರ್, ನೀವೂ ಒಂದ್ ರೌಂಡ್ ಓಡ್ಸಿ. ಫಸ್ಟ್ ಟೈಮ್ ಆಟೋಮ್ಯಾಟಿಕ್ ಅಂದ್ರೆ ಒಸಿ ಅಭ್ಯಾಸ ಬೇಕಾಗುತ್ತೆ" ಅಂದಳು.

ರಮೇಶ ಅವಳ ಮಾತನ್ನು ಗಾಳಿಗೆ ತೂರಿದ. "ಎರಡೇ ಪೆಡಲ್ ಕಣಮ್ಮ. ನಮ್ ಭಾವ ಕೆಸರು ಗದ್ದೇಲಿ ಟ್ರ್ಯಾಕ್ಟರ್ ತಿರುಗ್ಸೋ ಮನ್ಸ. ಇದು ಯಾವ್ ಲೆಕ್ಕ?"

ಅಣ್ಣ ಹಿಗ್ಗಿದ. "ರಮೇಶ ಓಡ್ಸವ್ನಲ್ಲ, ಸಾಕು ಬುಡಮ್ಮ."

ಡೆಲಿವರಿ ದಿನ. ಕಾರಿಗೆ ಚೆಂಡು ಹೂವಿನ ಹಾರ, ಬಾನೆಟ್ ಮೇಲೆ ಅರಿಶಿನ ಕುಂಕುಮ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು. ಅಣ್ಣ ಚಪ್ಪಲಿ ಬಿಟ್ಟು ಗುಡಿಯೊಳಗೆ ಹೋಗುವವನಂತೆ ಬರಿಗಾಲಲ್ಲಿ ಡ್ರೈವರ್ ಸೀಟಿಗೆ ಹತ್ತಿದ. ಅತ್ತಿಗೆ ಕಾರಿನ ಮುಂದೆ ಆರತಿ ತಟ್ಟೆ ಹಿಡಿದು ನಿಂತರು. ತಟ್ಟೆಯಲ್ಲಿ ಕೆಂಪು ಓಕಳಿ ನೀರು, ನಡುವೆ ವೀಳ್ಯದೆಲೆಯ ಮೇಲೆ ಉರಿಯುವ ಕರ್ಪೂರ. ಶೋರೂಮಿನ ಗಾಜಿನಲ್ಲಿ ಬೆಟ್ಟ ಮೂಡಿತ್ತು, ಬೆಟ್ಟದ ಬುಡದಲ್ಲಿ ಅತ್ತಿಗೆ.

ನಸ್ರೀನ್ ಕಿಟಕಿಯ ಬಳಿ ನಿಂತು ಅಣ್ಣನಿಗೆ ಬ್ರೇಕು, ಗೇರು ತೋರಿಸಿದಳು. ಪುರೋಹಿತರು, "ನಿಧಾನಕ್ಕೆ ಬಿಡಿ ಗೌಡ್ರೇ, ಒಂದು ಗೇಣು ಸಾಕು" ಅಂದರು. ಅಣ್ಣ ತಲೆಯಾಡಿಸಿ ಕಿಟಕಿಯ ಗಾಜು ಏರಿಸಿದ.

ಆಗ ಹೈವೇ ಕಡೆಯಿಂದ ಗಾಳಿ ಬೀಸಿ ಕರ್ಪೂರ ಆರಿತು.

"ಒಸಿ ತಡೀರಿ" ಎಂದು ಅತ್ತಿಗೆ ಪಕ್ಕದ ಕಂಬದ ಮರೆಗೆ ತಿರುಗಿದರು. ಅವರ ಮಾತು ಮುಚ್ಚಿದ ಗಾಜಿನೊಳಗಿದ್ದ ಅಣ್ಣನಿಗೆ ಕೇಳಿಸಿತೋ ಇಲ್ಲವೋ. ಅಷ್ಟರಲ್ಲಿ ಅವನು ಬ್ರೇಕಿನಿಂದ ಕಾಲೆತ್ತಿದ್ದ. ಆ ಸಣ್ಣ ಸದ್ದು ಬಂತು. ಮರುಕ್ಷಣ ಎಂಜಿನ್ ಕಿರುಚಿತು, ಕಾರು ನೆಗೆಯಿತು. ಗಾಜಿನಲ್ಲಿದ್ದ ಬೆಟ್ಟವನ್ನು ಕಾರಿನ ನೆರಳು ಸೀಳಿಕೊಂಡು ಹೋದದ್ದು ನನಗೆ ಕಂಡಿತು. ಅತ್ತಿಗೆಯ ಕೈಯ ತಟ್ಟೆಗೆ ಕಾರಿನ ಪಕ್ಕದ ಕನ್ನಡಿ ಬಡಿದು ತಟ್ಟೆ ಹಾರಿತು. ಚೆಂಡು ಹೂವಿನ ಎಸಳುಗಳು ಗಾಳಿಯಲ್ಲಿ ನಿಂತೇಬಿಟ್ಟವು. ಕಾರು ಅಂಚಿನಲ್ಲಿದ್ದ ಸಿಮೆಂಟ್ ಕುಂಡಗಳನ್ನು ಪುಡಿಮಾಡಿ, ಕಟ್ಟೆಯ ಮೇಲೆ ಮುಂದಿನ ಚಕ್ರ ಹತ್ತಿಸಿ ನಿಂತಿತು. ನಸ್ರೀನ್ ಓಡಿ ಬಾಗಿಲು ತೆಗೆದು, ಒಳಗೆ ಕೈ ಹಾಕಿ ಎಂಜಿನ್ ಆಫ್ ಮಾಡಿದಳು.

ಬಿಳಿ ಕಾರಿನ ಮೈಮೇಲೆ ಕೆಂಪು ಇಳಿಯುತ್ತಿತ್ತು. ಅದು ಓಕಳಿ ನೀರು ಎಂದು ನನಗೆ ತಿಳಿಯಲು ಎಷ್ಟು ಹೊತ್ತು ಹಿಡಿಯಿತು? ಹೇಳಲಾರೆ. ಕಂಬಕ್ಕೆ ಬೆನ್ನು ಆನಿಸಿ ಅತ್ತಿಗೆ ನಿಂತೇ ಇದ್ದರು, ಒಂದು ಗೀರೂ ಇಲ್ಲದೆ. ಕೈಯಲ್ಲಿ ಬೆಂಕಿಪೊಟ್ಟಣ.

ಅಣ್ಣ ಕೆಳಗಿಳಿದು ಹೇಳಿದ್ದು ಒಂದೇ ಮಾತು. "ಬ್ರೇಕೇ ತುಳ್ದೆ ಕಣಮ್ಮಿ. ನಾನು ಬ್ರೇಕೇ ತುಳ್ದೆ."

ಯಾರೂ ನಂಬಲಿಲ್ಲ. "ಗಾಬ್ರಿಬಿದ್ದು ಎಕ್ಸಲರೇಟರ್ ಒತ್ತವ್ರೆ" ಎಂದು ರಮೇಶ ಎಲ್ಲರಿಗೂ ವಿವರಿಸಿದ. ಎಕ್ಸಲರೇಟರ್ ಒತ್ತಿದ್ದು ನಿಜ. ಆದರೆ ಅಣ್ಣ ಸುಳ್ಳು ಹೇಳಿರಲಿಲ್ಲ.

ಭಾನುವಾರ ಊರಿಗೆ ಹೋದಾಗ ಅವನು ನನ್ನನ್ನು ಕೊಟ್ಟಿಗೆಯ ಪಕ್ಕ ನಿಂತಿದ್ದ ಹಳೆಯ ಟ್ರ್ಯಾಕ್ಟರಿನ ಬಳಿಗೆ ಕರೆದುಕೊಂಡು ಹೋಗಿ ಸೀಟಿನ ಮೇಲೆ ಕೂತ. "ಇಲ್ನೋಡು. ಎಡಗಾಲ್ಗೆ ಕ್ಲಚ್ಚು. ಬಲಗಾಲ್ಗೆ ಬ್ರೇಕು. ಸ್ಪೀಡು ಕೊಡಾದು ಈ ಕೈಲಿ" ಎಂದು ಸ್ಟೇರಿಂಗ್ ಕೆಳಗಿನ ಸಣ್ಣ ಸರಳನ್ನು ಎಳೆದು ತೋರಿಸಿದ. "ಆ ಕಾರು ನಾನೇನೂ ಒತ್ತದೆ ತಾನಾಗೇ ಹೊಂಟ್ಬುಡ್ತು. ಎಡಗಾಲಾಕ್ದೆ, ಕ್ಲಚ್ಚಿಲ್ಲ. ಬಲಗಾಲ್ನ ಕಟ್ಟಕಡೇ ಪೆಡಲ್ ಮ್ಯಾಲೆ ಅದುಮ್ದೆ. ಈ ಗಾಡೀಲಿ ಅದೇ ಅಲ್ವಾ ಬ್ರೇಕು?"

ಅವನ ಬರಿಗಾಲು ಹೇಳುವಾಗಲೂ ಅದುಮುತ್ತಲೇ ಇತ್ತು. ಆ ಕಾಲಿಗೆ ನಲವತ್ತು ವರ್ಷದ ಹತ್ತಿರದ ಅನುಭವ. ಅಪಾಯ ಬಂದಾಗ ತಲೆಯನ್ನು ಕೇಳದೆ ತನಗೆ ಗೊತ್ತಿದ್ದನ್ನು ಮಾಡಿತು. ಅಷ್ಟು ಚೆನ್ನಾಗಿ ಗೊತ್ತಿದ್ದದ್ದೇ ಅತ್ತಿಗೆಯನ್ನು ಕೊಲ್ಲಲಿತ್ತು.

ಕಾರು ಕೊಳ್ಳುವವರಿಗೆ ಸಲಹೆಗಳ ಬರ ಇಲ್ಲ. ಮೈಲೇಜು ನೋಡಿ, ಏರ್‌ಬ್ಯಾಗ್ ನೋಡಿ, ಇನ್ಶೂರೆನ್ಸ್ ಅವರಲ್ಲೇ ಮಾಡಿಸಬೇಡಿ, ಬೇರೆ ಶೋರೂಮಿನಲ್ಲೂ ರೇಟ್ ಕೇಳಿ. ಎಲ್ಲ ಸರಿ. ಆದರೆ ಟೆಸ್ಟ್ ಡ್ರೈವ್ ಮಾಡಬೇಕಾದವರು ಯಾರು? ಸಲಹೆ ಕೊಡಲು ಬಂದ ನೆಂಟನೋ, ದಿನಾ ಓಡಿಸುವವನೋ? ಶೋರೂಮ್ ಮುಂದಿನ ನುಣ್ಣನೆಯ ರಸ್ತೆಯಲ್ಲಿ ತೇಲಿ ಬರುವುದನ್ನು ನಾವು ಪರೀಕ್ಷೆ ಅನ್ನುತ್ತೇವೆ. ಅಲ್ಲಿ ಕಾರು ಪಾಸಾಗುತ್ತದೆ, ಓಡಿಸುವವನು ಪರೀಕ್ಷೆಗೆ ಕೂತೇ ಇರುವುದಿಲ್ಲ. ನಾಲ್ಕು ಜನರ ಮುಂದೆ "ನನಗೆ ಇದು ಬರಲ್ಲ, ಹೇಳಿಕೊಡಿ" ಅನ್ನಲು ಗಂಡಸರಿಗೆ ಯಾಕೆ ನಾಲಿಗೆ ಏಳುವುದಿಲ್ಲ? (ಹೆಂಗಸರೂ ಹೊಸ ಮಿಕ್ಸಿ ತಂದಾಗ ಹೀಗೇ ಮಾಡುತ್ತೇವೆ ಅಂತ ನನ್ನ ಗಂಡ ಪಕ್ಕದಲ್ಲಿ ಗೊಣಗುತ್ತಿದ್ದಾರೆ. ಮಿಕ್ಸಿ ಯಾರ ಮೇಲೂ ಹರಿಯುವುದಿಲ್ಲ.)

ಮುರಿದ ಬಂಪರ್ ಸರಿಯಾಗಿ ಕಾರು ಮನೆಗೆ ಬಂತು. ಅಣ್ಣ ಕೀ ಮುಟ್ಟಲಿಲ್ಲ. ದೇವರ ಗೂಡಿನ ಪಕ್ಕದ ಮೊಳೆಗೆ ತಗುಲಿಸಿಬಿಟ್ಟ. ರಮೇಶ ಫೋನ್ ಮಾಡಿ, "ಮಾರ್ಬುಡಿ ಭಾವ, ಗಿರಾಕಿ ನಾನೇ ನೋಡ್ತೀನಿ" ಅಂದ. ಶೋರೂಮಿನಿಂದಲೂ ಫೋನು. "ನಿಮ್ಮ ಡೆಲಿವರಿ ಅನುಭವ ಹೇಗಿತ್ತು ಸರ್?" ಅಣ್ಣ ಫೋನನ್ನು ಅತ್ತಿಗೆಯ ಕೈಗೆ ಕೊಟ್ಟ. ಅತ್ತಿಗೆ, "ಬದುಕಿವ್ನಿ ಕಣಪ್ಪ" ಎಂದು ಇಟ್ಟರು.

ಆಮೇಲೆ ಅವರೇ ನಸ್ರೀನಳನ್ನು ಕರೆಸಿಕೊಂಡರು. ರಜೆಯ ದಿನ ಸ್ಕೂಟರಿನಲ್ಲಿ ಬಂದ ಹುಡುಗಿ, ಕೊಯ್ಲಾದ ರಾಗಿ ಹೊಲಕ್ಕೆ ಕಾರು ಇಳಿಸಿ, ಮೊದಲು ಅಣ್ಣನನ್ನು ಕೂರಿಸಲು ನೋಡಿದಳು. ಅವನು ಹಿಂದೆ ಸರಿದ. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಹತ್ತಿದರು.

"ನಿಂಗೇನ್ ಗೊತ್ತೈತೆ? ಸೈಕಲ್ಲೂ ತುಳ್ದಿಲ್ಲ" ಅಂದ ಅಣ್ಣ.

"ಅದ್ಕೇಯಾ. ನನ್ ಕಾಲ್ಗೆ ಏನೂ ಗೊತ್ತಿಲ್ಲ. ಹೇಳ್ದಂಗೆ ಕೇಳ್ತದೆ."

ನಾನು ಬದುವಿನ ಮೇಲೆ, ಒಂದು ಹುಣಸೆಮರದ ಹಿಂದೆ ನಿಂತಿದ್ದೆ. ಸಂಜೆಯ ಹಳದಿ ಬೆಳಕಿನಲ್ಲಿ ಬಿಳಿ ಕಾರು ಕೂಳೆಗಳ ಮೇಲೆ ಆನೆಯಂತೆ ಮೆಲ್ಲಗೆ ಸುತ್ತು ಬಂತು, ನಿಂತಿತು, ಮತ್ತೆ ಹೊರಟಿತು. ಈ ಸಲ ಅದು ನಿಜವಾಗಿಯೂ ತೇಲುತ್ತಿತ್ತು. ಒಂದು ಸುತ್ತು ಮುಗಿಸಿ ಅತ್ತಿಗೆ ಕಿಟಕಿಯಿಂದ ತಲೆ ಹಾಕಿ ಗಂಡನನ್ನು ಕರೆದರು. "ಬನ್ನಿ, ಹತ್ತಿ. ನನ್ ಕಾಲೇ ನೋಡ್ತಾ ಕೂತ್ಕೊಳಿ. ನಾಳೀಕೆ ನೀವು."

ಅಣ್ಣ ಪಂಚೆ ಎತ್ತಿ ಕಟ್ಟಿದ. ಆಮೇಲೆ ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಈ ಬಾರಿ ಅವನು ಕಿಟಕಿಯಾಚೆ ನೋಡಲಿಲ್ಲ.

ನಿಮ್ಮ ಮನೆಗೆ ಬರಲಿರುವ ಕಾರನ್ನು ಓಡಿಸುವವರು, ಅದನ್ನು ಒಂದು ಸಲವಾದರೂ ಓಡಿಸಿ ನೋಡಿದ್ದಾರಾ?