ಜಿಲಾನಿಸಾಬರ ರಸಮಟ್ಟ

ಮೊಮ್ಮಗ ಸಂಗನಬಸವ ಲಿಂಗಸುಗೂರಿನ ಕ್ಲಬ್ಬಿನಿಂದ ಹಳೆಯ ಪೂಲ್ ಟೇಬಲ್ ತರಿಸಿದ ದಿನವೇ ಕಸ್ತೂರೆಮ್ಮ ಜಿಲಾನಿಸಾಬರನ್ನು ಮೊದಲು ನೋಡಿದ್ದು. ಮುದಗಲ್ಲಿನವರು, ನಲವತ್ತು ವರ್ಷ ಅಕ್ಕಿ ಗಿರಣಿಗಳಿಗೆ ಯಂತ್ರ ಕೂರಿಸಿದ ಕೈ. ಟೆಂಪೋದ ಬಳಿ ನಿಂತು ಹಸಿರು ಬಟ್ಟೆಯ ಮೇಲೆ ಬೆರಳು ಮಡಚಿ ತಟ್ಟಿದರು.

"ಇದು ಕಟಗಿ ಅಲ್ರೀ, ಒಳಗ ಕಲ್ಲೈತಿ. ಮೂರು ಚಪ್ಪಡಿ. ಬಿಚ್ಚೇ ಇಳಿಸಬೇಕು."

"ನೆಲಮನಿ ಗ್ವಾಡಿ ಒಡೆದು ಇಡೀದ ಇಳಿಸೋಣಲ್ಲ?" ಎಂದ ಸಂಗನಬಸವ.

"ಒಡ್ಯಾಕ ನಾನ್ಯಾಕ ಬೇಕ್ರೀ? ಜೆಸಿಬಿ ಕರೀರಿ!"

ಊರ ಗಿರಣಿಯಿಂದ ಭತ್ತದ ಹೊಟ್ಟಿನ ಚೀಲ ತರಿಸಿ, ನೆಲಮನೆಯ ಮೆಟ್ಟಿಲಿಗೆಲ್ಲ ಹಾಸಿದರು. ಮೇಲೆ ಹಲಗೆ. ಕಂಬಕ್ಕೆ ಹಗ್ಗ ಸುತ್ತಿ, ನಾಲ್ವರು ಹಮಾಲರಿಂದ ಒಂದೊಂದೇ ಚಪ್ಪಡಿಯನ್ನು ಕೂಸಿನಂತೆ ಇಳಿಸಿದರು. ಒಂದೂ ಸೀಳಲಿಲ್ಲ. ಕಾಲುಗಳ ಚೌಕಟ್ಟು ನಿಲ್ಲಿಸಿ ಅದರ ಮೇಲೆ ಹೊಂದಿಸಿದರು.

"ಇನ್ನ ಮಟ್ಟ ನೋಡ್ರಿ, ಸಾಬ್ರ. ಇಟ್ಟ ಚೆಂಡು ಹೊರಳಿದ್ರ ಮಸ್ಕಿಯೊಳಗ ನಾ ಹಾಕೋ ಹೊಸ ಗಿರಣಿ ಕೆಲಸ ಬ್ಯಾರೇದವ್ರಿಗೆ" ಎಂದು ನಕ್ಕು, ಸಂಗನಬಸವ ಹಮಾಲರನ್ನು ಚಹಕ್ಕೆ ಕರೆದೊಯ್ದ.

ಕಸ್ತೂರೆಮ್ಮ ಕೊನೆಯ ಮೆಟ್ಟಿಲ ಮೇಲೆ ಕೂತೇ ಇದ್ದಳು. ಸಾಬರು ಕಲ್ಲಿನ ಮೇಲೆ ರಸಮಟ್ಟ ಇಟ್ಟರು. ಗಾಜಿನೊಳಗಿನ ಗುಳ್ಳೆ ಮೂಡಲಕ್ಕೆ ಓಡಿತ್ತು. ಅವರು ಗಾಜನ್ನು ಹೆಗಲ ವಲ್ಲಿಯಿಂದ ಒರೆಸಿದರು, ಮತ್ತೆ ಒರೆಸಿದರು. ಬೆಣೆ ಹಿಡಿದು ಮೂಡಲ ಕಾಲಿನ ಕಡೆಗೇ ಬಗ್ಗಿದರು.

ಅಕ್ಷರ ಕೂಡಿಸಿ ಹೆಸರು ಬರೆಯುವಷ್ಟೇ ಬಲ್ಲ ಕಸ್ತೂರೆಮ್ಮನಿಗೆ ರಸಮಟ್ಟ ಓದಲು ಗಂಡ ಕಲಿಸಿದ್ದ. ಗುಳ್ಳೆ ಇದ್ದ ಕಡೆಯೇ ಎತ್ತರ; ಬೆಣೆ ಅದರ ಎದುರು ಬದಿಗೆ.

"ಸಾಬ್ರ, ಬೆಣಿ ಪಡುವಲಕ್ಕ."

ಸಾಬರ ಕೈ ನಿಂತಿತು.

"ಎಷ್ಟು ದಿನಾತು?" ಎಂದು ಕೇಳಿದಳು.

"ರಂಜಾನ್ ಆದಾಗಿಂದ. ಎರಡೂ ಕಣ್ಣಿಗೆ ಪೊರಿ ಬಂದೈತ್ರಿ. ಅಮ್ಮಾರ, ಹೇಳಬ್ಯಾಡ್ರಿ. ಮಸ್ಕಿ ಕೆಲಸ ಕೈ ಬಿಟ್ಟು ಹೊಕ್ಕೈತಿ."

"ಹೇಳಂಗಿಲ್ಲ. ಆದ್ರ ಪೊರಿ ತೆಗಸ್ಕೊಂಡ ಮ್ಯಾಲೇ ಮಸ್ಕಿಗೆ ಕಾಲಿಡಬೇಕು. ಗಿರಣಿ ಯಂತ್ರದಾಗ ಮಂದಿ ಕೈ ಇಟ್ಟು ದುಡೀತಾರ."

"ನಿಮ್ಮ ಮಾತಿಗೆ ನನ್ನ ಮಾತು."

"ಹೊಡೀರಿ. ಇನ್ನ ಸ್ವಲ್ಪ. ಅಕ್ಕಿಕಾಳಿನಷ್ಟು. ನುಚ್ಚಿನಷ್ಟು... ಸಾಕು!"

ಮೂರೂ ಚಪ್ಪಡಿ ಕೂಡಿದವು. ಬಟ್ಟೆ ಬಿಗಿದದ್ದಾಯಿತು. ಚಹ ಮುಗಿಸಿ ಬಂದಿದ್ದ ಸಂಗನಬಸವ ಚೆಂಡನ್ನು ನಡುವೆ ಇಟ್ಟು ಕೈ ಬಿಟ್ಟ. ಅದು ಇಟ್ಟಲ್ಲೇ ಕೂತಿತು.

"ಮಸ್ಕಿಗೆ ಯಾವಾಗ ಬರ್ತೀರಿ?"

"ಎರಡು ತಿಂಗಳು ಬಿಟ್ಟು. ಅದಕ್ಕಿಂತ ಮೊದ್ಲ ಕರೆದ್ರ ಬರಂಗಿಲ್ಲ" ಎಂದರು ಸಾಬರು, ಎದೆಯೆತ್ತಿ.

ರಸಮಟ್ಟವನ್ನು ವಲ್ಲಿಯಲ್ಲಿ ಸುತ್ತಿಕೊಂಡು ಮೆಟ್ಟಿಲ ಬಳಿ ಬಂದವರು ದನಿ ತಗ್ಗಿಸಿದರು.

"ಅಮ್ಮಾರ, ಕಣ್ಣು ಬಂದ ಮ್ಯಾಲೂ, ಮಸ್ಕಿಗೆ ಒಂದ್ಸಲ ಬಂದು ಗುಳ್ಳಿ ನೋಡ್ತೀರೇನ್ರಿ?"