ಬಿಸಿಲಿಗೆ ಬೆನ್ನು ಕೊಟ್ಟವಳು

ಕಣದಲ್ಲಿ ಒಣಹಾಕಿದ ಕಾಫಿಯನ್ನು ಸುಶೀಲಕ್ಕ ಕೆದರುತ್ತಿದ್ದ ಹಾಗೆ ಇನ್ನಾರೂ ಕೆದರಿದ್ದನ್ನು ನಾನು ಕಂಡಿಲ್ಲ. ಗೋರುಮಣೆ ಹಿಡಿದು ಒಂದು ಸಾಲು ಮುಂದಕ್ಕೆ ಹೋದರೆ, ಬರುವಾಗ ತಿರುಗುತ್ತಿರಲಿಲ್ಲ; ಹಾಗೇ ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಬರುತ್ತಿದ್ದಳು. ಬಿಸಿಲು ಬೆನ್ನಿಗೆ ಬೀಳಬೇಕು, ಮುಖಕ್ಕೆ ತಾಗಬಾರದು. ಎಡವಿ ಬಿದ್ದದ್ದೂ ಉಂಟು. ನಾವು ನಕ್ಕರೆ, "ಮುಂದೆ ನೋಡ್ಕಂಡು ನಡ್ದೋರು ನೀವು ಎಲ್ಲಿಗ್ ಮುಟ್ಟಿದೀರಿ, ಹೇಳಿ ನೋಡಣ!" ಎಂದು ತಾನೂ ನಗುತ್ತಿದ್ದಳು.

ದೊಡ್ಡಪ್ಪನ ಮಗಳು, ನನಗಿಂತ ಆರು ವರ್ಷ ದೊಡ್ಡವಳು. ಗೋಣಿಬೀಡಿನ ಹತ್ತಿರ ನಮ್ಮದು ಒಂದೇ ಮನೆ, ಒಂದೇ ಒಲೆ. ಅಕ್ಕ ಒಂದು ಬೀಜ ಹಲ್ಲಿನಲ್ಲಿ ಕಡಿದು "ಇನ್ನೊಂದ್ ಬಿಸಿಲು ಬೇಕು" ಎಂದರೆ ದೊಡ್ಡಪ್ಪ ಮರುಮಾತಿಲ್ಲದೆ ಮತ್ತೊಂದು ದಿನ ಒಣಗಿಸುತ್ತಿದ್ದರು. ಆದರೆ ಸಂಬಂಧದ ಮಾತು ಬಂದಾಗ ಈ ಜಾಣತನವನ್ನು ಯಾರೂ ಎತ್ತುತ್ತಿರಲಿಲ್ಲ. "ಹುಡುಗಿ ಬಣ್ಣ ಸ್ವಲ್ಪ ಕಮ್ಮಿ" ಅಂದುಬಿಟ್ಟರೆ ಮುಗಿಯಿತು.

ನಾನು ಬೆಳ್ಳಗಿದ್ದೆ. ಗಂಡಿನ ಕಡೆಯವರು ಬರುವ ದಿನ ದೊಡ್ಡಮ್ಮ ನನ್ನನ್ನು ಪಕ್ಕದ ಮನೆಗೆ ಅಟ್ಟುತ್ತಿದ್ದರು. "ಸಂಜೆ ತನ್ಕ ಈ ಕಡೆ ತಲೆ ಹಾಕ್ಬೇಡ ಪುಟ್ಟಿ." ನಾನು ಮೂಡಿಗೆರೆಯಲ್ಲಿ ಡಿಗ್ರಿ ಓದುತ್ತಿದ್ದಾಗ ಒಂದು ದಿನ ಕಾಲೇಜು ಬೇಗ ಬಿಟ್ಟಿತು. ಅವತ್ತು ಗಂಡಿನವರು ಬಂದದ್ದು ಗೊತ್ತಿಲ್ಲದೆ ನೇರ ಜಗುಲಿಗೇ ಬಂದೆ. ಬಂದವರೆಲ್ಲ ನನ್ನನ್ನೇ ನೋಡಿದರು. ನಾಲ್ಕು ದಿನಕ್ಕೆ ಹೇಳಿ ಕಳಿಸಿದರು: "ದೊಡ್ಡೋಳು ಬೇಡ. ಚಿಕ್ಕೋಳನ್ನ ಕೊಡೋದಾದ್ರೆ ಕಾಯ್ತೀವಿ." ದೊಡ್ಡಮ್ಮ ಅತ್ತರು. ಸುಶೀಲಕ್ಕ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತ ನಿಂತಿದ್ದಳು.

ಮರುದಿನ ಬಸ್ ಸ್ಟಾಪಿನ ತನಕ ನನ್ನ ಜೊತೆ ಬಂದು ಕೈಗೆ ಚೀಟಿ ತುರುಕಿದಳು. "ಮೆಡಿಕಲ್ಲಲ್ಲಿ ಕೇಳು. ಕಜ್ಜಿಗೆ ಹಚ್ಚೋ ಮುಲಾಮಂತೆ. ಮುಖಕ್ಕೆ ಹಚ್ಚಿದ್ರೆ ತಿಂಗ್ಳಲ್ಲಿ ಬೆಳ್ಳಗಾಗುತ್ತಂತೆ ಕಣೇ." ಆಮೇಲೆ ಸಣ್ಣ ದನಿಯಲ್ಲಿ, "ನಾನು ನೋಡಕ್ಕೆ ಅಷ್ಟು ಕೆಟ್ಟದಾಗಿದೀನೇನೆ?" ಎಂದಳು. ಬಸ್ಸು ಬಂತು. ಉತ್ತರ ಕೊಡದೆ ಹತ್ತಿದೆ. ನನ್ನನ್ನು ಕೇಳಿದರಲ್ಲ ಎಂಬ ಹಿಗ್ಗು ಒಳಗೊಳಗೇ ಇತ್ತು, ಸುಳ್ಳು ಯಾಕೆ ಹೇಳಲಿ?

ಬೆಳ್ಳಗಾದಳು, ನಿಜ. ಮನೆಯವರೆಲ್ಲ ಹಿಗ್ಗಿದರು. ಎರಡು ವರ್ಷ ನಾನೇ ಟ್ಯೂಬು ತಂದುಕೊಟ್ಟೆ. ಆಮೇಲೆ ಕೆನ್ನೆಯ ಚರ್ಮ ತೆಳುವಾಗಿ ಕೆಂಪು ನರಗಳು ಎದ್ದವು. ಬಿಸಿಲು ಸೋಕಿದರೆ ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ. ಹಚ್ಚುವುದು ಬಿಟ್ಟರೆ ಉರಿ ಇನ್ನೂ ಜಾಸ್ತಿ, ಹಾಗಾಗಿ ಮತ್ತೆ ಹಚ್ಚುವುದು. ಚಿಕ್ಕಮಗಳೂರಿನ ಚರ್ಮದ ಡಾಕ್ಟರು ರೇಗಿದರು. "ಯಾರಮ್ಮ ಇದನ್ನ ಮುಖಕ್ಕೆ ಹಚ್ಚು ಅಂದಿದ್ದು? ಯಾರು ತಂದ್ಕೊಟ್ಟಿದ್ದು?" ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ಅವಳು ತಿರುಗಲಿಲ್ಲ. "ನಾನೇ ಹೋಗಿ ತಂದೆ ಡಾಕ್ಟ್ರೇ" ಎಂದಳು.

ಅಲ್ಲಿಂದ ಕಣಕ್ಕೆ ಇಳಿಯುವುದೇ ನಿಂತಿತು. ಮದುವೆಯ ಮಾತೂ ನಿಂತಿತು.

ನನಗೆ ಮದುವೆಯಾದ ಮೇಲೆ ಒಮ್ಮೆ, ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಮಗಳದು ಸುಶೀಲಕ್ಕನದೇ ಬಣ್ಣ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತಿದ್ದ ಅಕ್ಕ ಮೊದಲು ಕೇಳಿದ್ದು, "ಒಂದ್ ಟ್ಯೂಬ್ ತಂದ್ಯೇನೆ? ಉರಿ ತಡ್ಯಕ್ಕಾಗಲ್ಲ."

"ಇಲ್ಲಕ್ಕ."

ಅಷ್ಟರಲ್ಲಿ ಕಣದಲ್ಲಿ ಆಡುತ್ತಿದ್ದ ಮಗಳು ಬೆವೆತುಕೊಂಡು ಒಳಗೆ ಓಡಿಬಂದಳು. ಅಕ್ಕ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿ ಚೂರು ತೆರೆದಳು. ಆ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ನನ್ನ ಮುಖಾನೂ ಹಿಂಗೇ ಇತ್ತಲ್ವೇನೆ? ಚೆಂದಾನೇ ಇತ್ತಲ್ಲೇ ಮಾರಾಯ್ತಿ!"

"ಚೆಂದ ಇತ್ತಕ್ಕ" ಎಂದೆ. ಬಸ್ ಸ್ಟಾಪಿನಲ್ಲಿ ಹೇಳಬೇಕಾಗಿದ್ದ ಮಾತು.

ಅವಳ ಮುಖ ನಾನು ಕಂಡದ್ದು ಅದೇ ಕೊನೆ. ಈಗ ಹೋದರೆ ಬಾಗಿಲ ಹಿಂದಿನಿಂದಲೇ ಮಾತಾಡುತ್ತಾಳೆ. "ಮಗು ಎಲ್ಲಿ?" ಎನ್ನುತ್ತಾಳೆ. ಕಣದಲ್ಲಿ ಎಂದರೆ, "ಇರ್ಲಿ ಬಿಡು, ಬಿಸಿಲಲ್ಲೇ ಆಡ್ಲಿ. ಒಳಗೆ ಕರೀಬೇಡ."