ವೇಣೂರು ಲೈನಿನ ಬಾಯಿ

ರುಕ್ಮಯ್ಯ ಗಂಜಿಯ ಬಟ್ಟಲನ್ನು ಅರ್ಧಕ್ಕೇ ಸರಿಸಿದಾಗ ಹೆಂಡತಿ ಕುಸುಮಳಿಗೆ ಸಿಟ್ಟೇ ಬಂತು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಬೆಳಿಗ್ಗೆ ವೇಣೂರಿನಿಂದ ಮೂಡುಬಿದಿರೆಗೆ, ಅಲ್ಲಿಂದ ತಿರುಗಿ ಗುರುವಾಯನಕೆರೆ ಹಾದು ಬಿ.ಸಿ.ರೋಡಿಗೆ, ದಾರಿಯ ಒಂದೊಂದು ಹೊಂಡವೂ ಅವನಿಗೆ ಬಾಯಿಪಾಠ. ತಿರುವಿನಲ್ಲಿ ಟಿಪ್ಪರ್ ನುಗ್ಗಿ ಬಂದರೂ ಬೆವರದವನು ಈಗ ಒಂದು ಹೆಸರು ಹೇಳುವುದಕ್ಕೆ ಬೆವರುತ್ತಿದ್ದ.

“ಒಂದು ಹೆಸರು ಹೇಳ್ಲಿಕ್ಕೆ ಇಷ್ಟು ಒದ್ದಾಟವಾ?” ಎಂದಳು ಕುಸುಮ. “ನನ್ನನ್ನು ನೋಡ್ಲಿಕ್ಕೆ ಬಂದಾಗಲೂ ಹೀಗೇ ಮಾಡಿದ್ರಿ. ಹೂಂ ಅನ್ಲಿಕ್ಕೆ ಒಂದು ತಿಂಗಳು.”

“ಅದು ನನ್ನ ಬಾಯಿ. ಇದು ಲೈನಿನ ಬಾಯಿ,” ಎಂದ ರುಕ್ಮಯ್ಯ, ಖಾಕಿ ಅಂಗಿಯ ಗುಂಡಿ ಹಾಕುತ್ತ.

ಈ ಲೈನಿನ ಬಾಯಿಯ ಕತೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಖಾಸಗಿ ಬಸ್ಸುಗಳ ಡ್ರೈವರು ಕಂಡಕ್ಟರುಗಳಿಗೆ ಒಂದು ಸಂಘವಿದೆ. ಅದರಲ್ಲಿ ಐದು ಲೈನು, ಎಂದರೆ ಐದು ಬಸ್ ಮಾರ್ಗದವರ ಗುಂಪು: ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆ, ನಾರಾವಿ, ವೇಣೂರು. ಬಿ.ಸಿ.ರೋಡಿನವರು ಸೇರಿದರೆ ಮದುವೆ ಮಂಟಪ ತುಂಬುತ್ತದೆ, ವೇಣೂರಿನವರು ಸೇರಿದರೆ ಒಂದು ಓಮ್ನಿ ವ್ಯಾನು ತುಂಬುತ್ತದೆ. ಮೊದಲೆಲ್ಲ ತಲೆ ಎಣಿಸಿ ಅಧ್ಯಕ್ಷರನ್ನು ಆರಿಸುತ್ತಿದ್ದರು. ಹಾಗಾಗಿ ಅಧ್ಯಕ್ಷರು ಯಾವಾಗಲೂ ಬಿ.ಸಿ.ರೋಡಿನವರೇ.

ಒಂದು ಮಳೆಗಾಲ ವೇಣೂರು ಲೈನಿನ ಡ್ರೈವರ್ ಶೇಖರನ ಬಸ್ಸು ಚರಂಡಿಗೆ ಜಾರಿತು. ಯಾರಿಗೂ ಗಾಯವಾಗಲಿಲ್ಲ, ಆದರೂ ಬಸ್ಸಿನ ಧಣಿ ಅವನನ್ನು ಕೆಲಸದಿಂದ ಬಿಡಿಸಿದರು. ಅಂದಿನ ಅಧ್ಯಕ್ಷರ ಹತ್ತಿರ ಹೋಗಿ ಕೈ ಮುಗಿದರೆ, “ವೇಣೂರಿನಲ್ಲಿ ಇರುದೇ ನಾಲ್ಕು ಓಟು. ಅದಕ್ಕೆ ನಾನು ಧಣಿಗಳ ಹತ್ತಿರ ಕೆಟ್ಟವ ಆಗುದಾ?” ಎಂದುಬಿಟ್ಟರು. ಶೇಖರ ಕೆಂಪುಕಲ್ಲಿನ ಕೋರೆಗೆ ಕಲ್ಲು ಹೊರಲು ಹೋದ. ಆ ಮಾತು ರುಕ್ಮಯ್ಯನ ಹೊಟ್ಟೆಯೊಳಗೆ ಕೂತುಬಿಟ್ಟಿತು.

ಆ ವರ್ಷ, ಎರಡು ಸಾವಿರನೇ ಇಸವಿಯ ಕೊನೆಗೆ, ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಮುಗಿದು, ಗೆದ್ದವರು ಯಾರೆಂದೇ ವಾರಗಟ್ಟಲೆ ಗೊತ್ತಾಗದೆ ಪೇಪರಿನಲ್ಲೆಲ್ಲ ಅದೇ ಸುದ್ದಿ. ಸಮಾಜ ಪಾಠ ಮಾಡುವ ನೀಲಾವತಿ ಟೀಚರ್ ದಿನಾ ರುಕ್ಮಯ್ಯನ ಬಸ್ಸಿನಲ್ಲಿ, ಅವನ ಹಿಂದಿನ ಸೀಟಿನಲ್ಲೇ ಕೂತು ವೇಣೂರಿನಿಂದ ಹೊಸಂಗಡಿಗೆ ಹೋಗುತ್ತಿದ್ದರು. ಅಲ್ಲಿ ಎಂತ ಅಷ್ಟು ಗಲಾಟೆ ಎಂದು ಇವನು ಕೇಳಿದ. ಅಲ್ಲಿ ಇಡೀ ದೇಶದ ತಲೆ ಎಣಿಸುವುದಿಲ್ಲ ಎಂದರು ಟೀಚರ್. ಒಂದೊಂದು ರಾಜ್ಯವೂ ತನ್ನೊಳಗೆ ಓಟು ಹಾಕಿಕೊಳ್ಳುತ್ತದೆ, ಅಲ್ಲಿ ಒಂದು ಓಟು ಹೆಚ್ಚು ಬಂದವನಿಗೂ ಸಾಮಾನ್ಯವಾಗಿ ಆ ರಾಜ್ಯದ ಪೂರ್ತಿ ಬಲ ಸೇರುತ್ತದೆ, ರಾಜ್ಯದ ಪ್ರತಿನಿಧಿಗಳು ಆಮೇಲೆ ಸೇರಿ ಆ ಹೆಸರಿಗೆ ಓಟು ಕೊಡುತ್ತಾರೆ. ದೊಡ್ಡ ರಾಜ್ಯ ಸಣ್ಣದನ್ನು ನುಂಗಬಾರದೆಂದು ಮಾಡಿದ್ದು ಎನ್ನುತ್ತಾರೆ. ಅಷ್ಟು ಹೇಳುವಾಗ ಹೊಸಂಗಡಿ ಬಂತು, ಟೀಚರ್ ಇಳಿದು ಹೋದರು. ರುಕ್ಮಯ್ಯನಿಗೆ ಅಷ್ಟೇ ಸಾಕಿತ್ತು. ಉಳಿದದ್ದನ್ನು ಮರುದಿನ ಅವನು ಕೇಳಲೂ ಇಲ್ಲ.

ಕೇಳಿದ ಅರ್ಧವನ್ನೇ ಹಿಡಿದು ಅವನು ಸಂಘದಲ್ಲಿ ವರ್ಷವಿಡೀ ಜಗಳ ಕಾದ. ಉಳಿದ ಲೈನಿನವರನ್ನು ಕಟ್ಟಿಕೊಂಡು, ಸಂಘವನ್ನೇ ಬಿಡುತ್ತೇವೆ ಎಂದು ಬಿ.ಸಿ.ರೋಡಿನವರನ್ನು ಹೆದರಿಸಿ, ಕೊನೆಗೆ ನಿಯಮ ತಂದ. ದೊಡ್ಡದಿರಲಿ ಸಣ್ಣದಿರಲಿ, ಲೈನಿಗೊಂದು ಮಾತು. ಲೈನಿನವರು ತಮ್ಮೊಳಗೆ ಕೈ ಎತ್ತಿ ಹೆಸರು ಆರಿಸಬೇಕು, ಅವರ ಪರವಾಗಿ ಒಬ್ಬ ಎದ್ದು ಸಭೆಯಲ್ಲಿ ಆ ಹೆಸರು ಹೇಳಬೇಕು. ಅವನೇ ಲೈನಿನ ಬಾಯಿ. ಬಾಯಿ ಹೇಳಿದ ಮೇಲೆ ಮುಗಿಯಿತು, ತಕರಾರಿಲ್ಲ. ಈ ನಿಯಮ ಬದಲಿಸಬೇಕಾದರೂ ಐದೂ ಬಾಯಿ ಒಪ್ಪಬೇಕು. ಈ ಕೊನೆಯದನ್ನು ಹಟ ಹಿಡಿದು ಸೇರಿಸಿದವನೂ ರುಕ್ಮಯ್ಯನೇ. ಹೊಸ ಅಧ್ಯಕ್ಷರು ಬಂದು ಮೊದಲು ಮಾಡಿದ ಕೆಲಸ ಶೇಖರನನ್ನು ಮತ್ತೆ ಸ್ಟೇರಿಂಗಿನ ಎದುರು ಕೂರಿಸಿದ್ದು. ಅಂದಿನಿಂದ ವೇಣೂರಿನ ಬಾಯಿ ರುಕ್ಮಯ್ಯನೇ, ಬೇರೆ ಹೆಸರನ್ನು ಯಾರೂ ಎತ್ತಿದ್ದಿಲ್ಲ.

ಈ ವರ್ಷ ಅಧ್ಯಕ್ಷ ಸ್ಥಾನಕ್ಕೆ ನಿಂತವರು ಇಬ್ಬರು. ಮೂಡುಬಿದಿರೆಯ ಡ್ರೈವರ್ ಲತೇಶ್ ಒಬ್ಬ, ಬಿ.ಸಿ.ರೋಡಿನ ಕಂಡಕ್ಟರ್ ಉಮ್ಮರ್ ಇನ್ನೊಬ್ಬ. ಉಮ್ಮರ್ ಈಗ ಬಿ.ಸಿ.ರೋಡಿನವನಾದರೂ ಹನ್ನೆರಡು ವರ್ಷ ರುಕ್ಮಯ್ಯನ ಬಸ್ಸಿನ ಕಂಡಕ್ಟರಾಗಿದ್ದವನು. ರುಕ್ಮಯ್ಯ ಕಾಮಾಲೆಯಿಂದ ಮೂರು ತಿಂಗಳು ಮಲಗಿದಾಗ ಧಣಿ ಅವನ ಡ್ರೈವರ್ ಸೀಟಿಗೆ ಬೇರೆಯವನನ್ನು ಖಾಯಂ ಮಾಡಲು ಹೊರಟಿದ್ದರು. ಹಾಗಾದರೆ ನನಗೂ ಲೆಕ್ಕ ಮುಗಿಸಿ ಕೊಡಿ ಎಂದು ಟಿಕೆಟಿನ ಚೀಲವನ್ನು ಧಣಿಯ ಮೇಜಿನ ಮೇಲೆ ಇಟ್ಟವನು ಉಮ್ಮರ್. ಸೀಟು ಉಳಿಯಿತು. ಇದನ್ನು ಉಮ್ಮರ್ ಯಾರಿಗೂ ಹೇಳಿಕೊಂಡವನಲ್ಲ, ರುಕ್ಮಯ್ಯನಿಗೆ ಹೇಳಿದ್ದು ಧಣಿಯೇ.

ವೇಣೂರಿನ ಹಾಲ್ಟ್ ಬಸ್ಸನ್ನು, ಎಂದರೆ ರಾತ್ರಿ ಬಂದು ಅಲ್ಲೇ ತಂಗುವ ಕೊನೆಯ ಟ್ರಿಪ್ಪನ್ನು, ಧಣಿಗಳು ನಿಲ್ಲಿಸುವ ಸುದ್ದಿಯಿತ್ತು. ನಿಲ್ಲಿಸಿದರೆ ಐದೂ ಲೈನಿನ ಬಸ್ಸು ನಿಲ್ಲಿಸುತ್ತೇನೆ ಎಂದು ಲತೇಶ್ ಎದೆ ತಟ್ಟಿ ಹೇಳಿದ್ದ. ಧಣಿಗಳ ಹತ್ತಿರ ಮಾತಾಡುತ್ತೇನೆ, ಆಗಿಯೇ ಆಗುತ್ತದೆಂದು ಸುಳ್ಳು ಹೇಳಲಾರೆ ಎಂದಿದ್ದ ಉಮ್ಮರ್. ಸತ್ಯ ಹೇಳಿದವನಿಗೆ ಓಟು ಕಡಿಮೆ ಬೀಳುವುದು ಅಮೆರಿಕವೂ ಒಂದೇ, ವೇಣೂರೂ ಒಂದೇ. ವೇಣೂರಿನಲ್ಲಿ ಕೈ ಎತ್ತಿಸಿದಾಗ ಲತೇಶನಿಗೆ ಒಂದೇ ಒಂದು ಕೈ ಹೆಚ್ಚಾಯಿತು. ರುಕ್ಮಯ್ಯ ಕೈ ಎತ್ತಿದ್ದು ಉಮ್ಮರನಿಗೆ. ಉಳಿದ ಲೈನುಗಳ ಸುದ್ದಿ ಆಗಲೇ ಬಂದಿತ್ತು: ಬಿ.ಸಿ.ರೋಡ್, ಬೆಳ್ತಂಗಡಿ ಉಮ್ಮರನಿಗೆ, ಮೂಡುಬಿದಿರೆ, ನಾರಾವಿ ಲತೇಶನಿಗೆ. ತಲೆ ಎಣಿಸಿದ್ದರೆ ಉಮ್ಮರ್ ಎಂದೋ ಗೆದ್ದಾಗಿತ್ತು. ಈಗ ಎಲ್ಲವೂ ರುಕ್ಮಯ್ಯನ ಬಾಯಿಗೆ ಬಂದು ನಿಂತಿತು.

ಗಂಜಿ ಬಿಟ್ಟು ಹೊರಟ ಆ ಸಭೆಯ ದಿನ ಬೆಳಗಿನ ಟ್ರಿಪ್ಪಿಗೆ ನೀಲಾವತಿ ಟೀಚರ್ ಹತ್ತಿದರು. ನಿವೃತ್ತರಾಗಿ ವರ್ಷಗಳಾಗಿವೆ, ಕಣ್ಣಿನ ಡಾಕ್ಟರಿಗೆ ತೋರಿಸಲು ಮೂಡುಬಿದಿರೆಗೆ ಹೊರಟಿದ್ದರು. ಕೂತದ್ದು ಅದೇ ಹಿಂದಿನ ಸೀಟು. ರುಕ್ಮಯ್ಯ ಇದ್ದದ್ದನ್ನೆಲ್ಲ ಹೇಳಿದ.

“ದೊಡ್ಡ ರಾಜ್ಯಕ್ಕೆ ಅಲ್ಲಿ ಹೆಚ್ಚು ಓಟು ಉಂಟು, ರುಕ್ಮಯ್ಯ,” ಎಂದರು ಟೀಚರ್ ಬೆರಗಾಗಿ. “ನೀವು ಎಲ್ಲ ಲೈನಿಗೂ ಒಂದೇ ಮಾಡಿದ್ದಾ?”

“ನೀವು ಇಳಿದ್ರಲ್ಲ, ಟೀಚರ್.”

“ಮರುದಿನ ಕೇಳಬಹುದಿತ್ತು.” ಟೀಚರಿಗೆ ನಗು ಬಂತು, ಆದರೆ ಕನ್ನಡಿಯಲ್ಲಿ ಅವನ ಮುಖ ನೋಡಿ ನಗಲಿಲ್ಲ. “ಆ ಸಲವೇ ದೇಶದಲ್ಲೆಲ್ಲ ಸೇರಿ ಹೆಚ್ಚು ಓಟು ಸಿಕ್ಕಿದವರು ಸೋತರು. ಎರಡು ಸಾವಿರದ ಹದಿನಾರರಲ್ಲಿ ಪುನಃ ಹಾಗೇ ಆಯ್ತು. ಇಟ್ಟುಕೊಳ್ಳುದಾ, ಬದಲಿಸುದಾ ಅಂತ ಅಲ್ಲಿ ಇವತ್ತಿಗೂ ಜಗಳ.”

“ಮತ್ತೆ ಯಾಕೆ ಬದಲಿಸುದಿಲ್ಲ?”

“ಸಂವಿಧಾನವನ್ನೇ ತಿದ್ದಬೇಕಲ್ಲ. ಮುಕ್ಕಾಲು ಪಾಲು ರಾಜ್ಯಗಳು ಒಪ್ಪಬೇಕು. ಅದರಿಂದ ಬಲ ಬಂದವರು ತಾವಾಗಿ ಬಿಡ್ತಾರಾ?”

ಹೊಸಂಗಡಿ ದಾಟಿತು. ಇಪ್ಪತ್ತೈದು ವರ್ಷದ ಹಿಂದೆ ಕೇಳದೆ ಬಿಟ್ಟ ಅರ್ಧ ಈಗ ರುಕ್ಮಯ್ಯನ ಕಿವಿಗೆ ಬಿದ್ದಿತ್ತು. “ಸರಿ ಯಾವುದು, ಟೀಚರ್?” ಎಂದ.

“ತಲೆ ಎಣಿಸಿದ್ರೆ ಸಣ್ಣ ಊರನ್ನು ಕೇಳುವವರಿಲ್ಲ. ಎಣಿಸದಿದ್ರೆ ಹೆಚ್ಚಿನವರ ಮಾತಿಗೆ ಬೆಲೆ ಇಲ್ಲ. ನಾನಾದ್ರೆ ಎಣಿಸುದೇ ಸರಿ ಅಂತೇನೆ. ಆದ್ರೆ ನಾನೂ ವೇಣೂರಿನ ಬಸ್ಸಿಗೆ ಕಾಯುವವಳೇ ಅಲ್ವಾ.”

ಮಧ್ಯಾಹ್ನ ಸಭೆಗೆಂದು ಬಿ.ಸಿ.ರೋಡಿನಲ್ಲಿ ಬಸ್ಸಿಳಿಯುವ ಮೊದಲೇ ಅಜ್ಮಲ್ ಬಾಗಿಲ ಹತ್ತಿರ ಬಂದು ನಿಂತ. ಡಿಗ್ರಿ ಓದಿದ ಕಂಡಕ್ಟರ್, ಉಮ್ಮರನ ಬಲಗೈ. ಎಲ್ಲವನ್ನೂ ಮೊಬೈಲಿನಲ್ಲಿ ಓದಿಕೊಂಡೇ ಬಂದಿದ್ದ.

“ರುಕ್ಮಯಣ್ಣ, ಅಮೆರಿಕದಲ್ಲಿ ಕೂಡ ಕೆಲವು ಪ್ರತಿನಿಧಿಗಳು ಒಪ್ಪಿಸಿದ ಹೆಸರು ಬಿಟ್ಟು ಬೇರೆ ಹೆಸರಿಗೆ ಓಟು ಹಾಕಿದ್ದುಂಟು. ಆಕಾಶ ಕಳಚಿ ಬೀಳ್ಲಿಲ್ಲ. ನೀವು ಉಮ್ಮರ್ ಅಂದ್ರೆ ಉಮ್ಮರ್. ನಿಯಮವೇ ಹಾಗುಂಟಲ್ಲ.”

“ಅಲ್ಲ ಅಂದ್ರೆ?”

“ಅಲ್ಲ ಅಂದ್ರೆ ನಾವು ಬೇರೆ ಸಂಘ ಮಾಡ್ತೇವೆ. ಆಮೇಲೆ ವೇಣೂರಿನವರಿಗೆ ಯಾರುಂಟು, ನೀವೇ ಯೋಚನೆ ಮಾಡಿ.”

ಬೆದರಿಕೆಯಲ್ಲೂ ಮರ್ಯಾದೆ ಬಿಟ್ಟಿರಲಿಲ್ಲ ಹುಡುಗ. ರುಕ್ಮಯ್ಯನಿಗೆ ಅದಕ್ಕಿಂತ ಹೆದರಿಕೆಯಾದದ್ದು ಸಭೆ ನಡೆಯುವ ಹೋಟೆಲಿನ ಎದುರು ಗುಂಪು ನಿಂತಿದ್ದ ಕೆಲವರನ್ನು ನೋಡಿ. ಸಂಘಕ್ಕೆ ಸಂಬಂಧವೇ ಇಲ್ಲದವರು. ಅಧ್ಯಕ್ಷ ಸ್ಥಾನಕ್ಕೆ ನಿಂತವರಲ್ಲಿ ಒಬ್ಬ ಹಿಂದೂ, ಒಬ್ಬ ಬ್ಯಾರಿ ಮುಸಲ್ಮಾನ ಎಂಬುದಷ್ಟೇ ಅವರಿಗೆ ಬೇಕಾದದ್ದು, ಯಾರು ಸೋತರೂ ಅದಕ್ಕೆ ಬೇರೆ ಬಣ್ಣ ಬಳಿಯಲು ಕಾದಿದ್ದರು.

ಸಭೆ ಹೋಟೆಲಿನ ಮೇಲಿನ ಹಾಲಿನಲ್ಲಿ. ಎಲ್ಲರೂ ಮಧ್ಯಾಹ್ನದ ಒಂದೊಂದು ಟ್ರಿಪ್ ಬಿಟ್ಟು ಬಂದಿದ್ದರು. ಕೂರಲು ಜಾಗವಿಲ್ಲದೆ ಮೆಟ್ಟಿಲಿನವರೆಗೂ ಖಾಕಿ. ಉಮ್ಮರ್ ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಒಮ್ಮೆಯೂ ಇತ್ತ ತಿರುಗಲಿಲ್ಲ. ತಿರುಗಿ ನೋಡಿದರೆ ಕೇಳಿದ ಹಾಗಾಗುತ್ತದೆಂದೇ ಅವನು ತಿರುಗುತ್ತಿಲ್ಲ ಎಂಬುದು ರುಕ್ಮಯ್ಯನಿಗೆ ಗೊತ್ತಿತ್ತು. ಅದೇ ಅವನನ್ನು ಹೆಚ್ಚು ಸುಟ್ಟಿತು.

ಕಾರ್ಯದರ್ಶಿ ತರುಣ್ ಲೈನುಗಳನ್ನು ಕರೆದ. ನಾಲ್ಕು ಬಾಯಿ ಒಂದೊಂದಾಗಿ ಎದ್ದು ಕೂತವು. ಎರಡು ಉಮ್ಮರನಿಗೆ, ಎರಡು ಲತೇಶನಿಗೆ. “ವೇಣೂರು ಲೈನ್,” ಎಂದ ತರುಣ್.

ರುಕ್ಮಯ್ಯ ಎದ್ದ. ಉಮ್ಮರ್ ಎಂಬ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಹೆಚ್ಚಿನವರು ಕೇಳಿದ್ದು ಆಗುತ್ತದೆ, ಋಣವೂ ತೀರುತ್ತದೆ, ಸಂಘವೂ ಉಳಿಯುತ್ತದೆ. ಹಿಂದಿನ ಬೆಂಚಿನಲ್ಲಿ ವೇಣೂರಿನವರು ಕೂತಿದ್ದರು. ಅವನು ಸುಳ್ಳು ಹೇಳಬಹುದೆಂಬ ಯೋಚನೆ ಅವರಲ್ಲಿ ಒಬ್ಬನಿಗೂ ಬಂದಿರಲಿಲ್ಲ. ಬಾಯಿ ತನಗೆ ಬೇಕಾದದ್ದನ್ನು ಹೇಳತೊಡಗಿದರೆ ಮತ್ತೆ ಲೈನಿಗೆ ಉಳಿಯುವುದೇನು?

“ವೇಣೂರು ಲೈನ್, ಲತೇಶ್,” ಎಂದ.

ಕುರ್ಚಿಗಳು ಉರುಳಿದವು. ಇದು ಯಾವ ಸೀಮೆಯ ನ್ಯಾಯ ಎಂದು ಅಜ್ಮಲ್ ಮೇಜು ಗುದ್ದಿದ. ಲತೇಶನ ಕಡೆಯವರು ಎದ್ದು ಬಂದರು, ಯಾರದೋ ಕಾಲರಿಗೆ ಯಾರದೋ ಕೈ ಹೋಯಿತು. ಆಗ ಉಮ್ಮರ್ ಎದ್ದು ನಿಂತ. “ಕೂತ್ಕೊಳ್ಳಿ ಎಲ್ಲ. ನಿಯಮಕ್ಕೆ ಒಪ್ಪಿಯೇ ನಾನು ನಿಂತದ್ದು. ರುಕ್ಮಯಣ್ಣ ಹೇಳಿದ್ದು ಅವರ ಲೈನಿನ ಮಾತು. ಮುಗೀತು.” ಗೆದ್ದವನಿಗಿಂತ ಸೋತವನ ಮಾತಿಗೇ ಜನ ಕೂತರು.

ರುಕ್ಮಯ್ಯ ಮಾತ್ರ ಕೂರಲಿಲ್ಲ. “ಇದು ನಾನೇ ತಂದ ನಿಯಮ,” ಎಂದ. “ಅರ್ಧ ಕೇಳಿ ತಂದದ್ದು. ಇಷ್ಟು ಜನ ಬೇಕು ಅಂದವ ಸೋಲುದು ಸರಿಯಲ್ಲ. ಬರುವ ಸಲದಿಂದ ತಲೆ ಎಣಿಸುವ.”

ತರುಣ್ ಸಾವರಿಸಿಕೊಂಡು ಐದೂ ಬಾಯಿಗಳನ್ನು ಮತ್ತೆ ಕರೆದ. ಬಿ.ಸಿ.ರೋಡ್ ಆಗಬಹುದು ಎಂದಿತು, ಬೆಳ್ತಂಗಡಿಯೂ. ತಮ್ಮಲ್ಲೂ ತಲೆಗಳಿಗೇನು ಕಡಿಮೆಯಿಲ್ಲ ಎಂದುಕೊಂಡು ಮೂಡುಬಿದಿರೆಯವರು ಒಪ್ಪಿದರು. ಸಂಘ ಒಡೆದರೆ ತಮಗೆ ದಿಕ್ಕಿಲ್ಲವೆಂದು ಹೆದರಿ ನಾರಾವಿಯವರೂ ಒಪ್ಪಿದರು. ಉಳಿದದ್ದು ವೇಣೂರು. ರುಕ್ಮಯ್ಯ ತನ್ನವರ ಕಡೆ ತಿರುಗಿದ.

“ಬೇಡ, ರುಕ್ಮಯಣ್ಣ,” ಎಂದ ಶೇಖರ. ಕೋರೆಯಲ್ಲಿ ಕಲ್ಲು ಹೊತ್ತು ಅವನ ಒಂದು ಭುಜ ಇಂದಿಗೂ ಕೆಳಗಿತ್ತು. “ನನ್ನನ್ನು ಬಿಡಿಸಿದಾಗ ಈ ತಲೆಗಳೆಲ್ಲ ಎಲ್ಲಿ ಇತ್ತು?”

“ಈಗ ಕಾಲ ಬೇರೆ ಮಾರಾಯ. ಉಮ್ಮರನಂಥವರು ಇದ್ದಾರೆ.”

“ಉಮ್ಮರ್ ಇರ್ತಾನೆ. ಅವನ ನಂತರ ಬರುವವ?”

ಬೇಡ ಎನ್ನುವವರು ಕೈ ಎತ್ತಿ ಎಂದ ರುಕ್ಮಯ್ಯ. ಅವನೊಬ್ಬನನ್ನು ಬಿಟ್ಟು ಎಲ್ಲರ ಕೈಯೂ ಮೇಲೆ ಹೋಯಿತು. ಮೊದಲು ಉಮ್ಮರನ ಪರವಾಗಿ ಎತ್ತಿದ್ದ ಕೈಗಳೂ ಅದರಲ್ಲಿದ್ದವು. ಅವನು ಮತ್ತೆ ಸಭೆಯ ಕಡೆ ತಿರುಗಿ ನಿಂತ.

“ವೇಣೂರು ಲೈನ್, ಬೇಡ.”

ತಾನೇ ಎತ್ತಿದ ಮಾತಿಗೆ ತಾನೇ ಬೇಡ ಎನ್ನುವುದನ್ನು ಕೇಳಿ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಸಭೆ ಮುಗಿಯಿತು.

ಸ್ಟ್ಯಾಂಡಿನಲ್ಲಿ ಉಮ್ಮರ್ ತಾನಾಗಿಯೇ ಹತ್ತಿರ ಬಂದ. ರುಕ್ಮಯ್ಯ ಅವನ ಮುಖ ನೋಡಲಾರದೆ, “ಒಂದು ಸಲ ಬೈದುಬಿಡು ಮಾರಾಯ,” ಎಂದ.

“ಹೇಗೆ ಬೈಯುದು? ನಾನು ಇನ್ನೂ ನಿಮ್ಮ ಬಸ್ಸಿನಲ್ಲೇ ಇದ್ದಿದ್ರೆ ನಾನೂ ಶೇಖರಣ್ಣನ ಹಾಗೇ ಕೈ ಎತ್ತುತ್ತಿದ್ದೆ.” ಉಮ್ಮರನ ಕಣ್ಣು ಕೆಂಪಾಗಿತ್ತು. “ನೀವು ಸುಳ್ಳು ಹೇಳಿದ್ರೆ ಗೆಲ್ತಿದ್ದೆ. ಆದ್ರೆ ನಾಳೆಯಿಂದ ನಿಮ್ಮನ್ನು ಅಣ್ಣ ಅಂತ ಕರೀಲಿಕ್ಕೆ ನನಗೆ ಬಾಯಿ ಬರ್ತಿರಲಿಲ್ಲ.” ಅಷ್ಟು ಹೇಳಿ ತನ್ನ ಬಸ್ಸಿನ ಕಡೆ ನಡೆದ.

ವೇಣೂರಿನವರು ಆಗಲೇ ಹಿಂದಿನ ಸೀಟುಗಳಲ್ಲಿ ಕೂತು, ನಮ್ಮ ರುಕ್ಮಯಣ್ಣನ ಹಾಗೆ ಯಾರುಂಟು ಎಂದು ಹೊಗಳುತ್ತಿದ್ದರು. ಶೇಖರ ಯಾರಿಗೋ ಫೋನು ಮಾಡಿ ಹಾಲ್ಟ್ ಬಸ್ಸು ಉಳಿಯಿತೆಂದೇ ಹೇಳುತ್ತಿದ್ದ. ರುಕ್ಮಯ್ಯ ಸೀಟಿಗೆ ಹತ್ತಿ ಎಂಜಿನ್ ಚಾಲೂ ಮಾಡಿದ. ಅವನು ತಂದ ನಿಯಮ ಗೆದ್ದಿತ್ತು, ಹೆಚ್ಚಿನವರು ಬೇಕೆಂದವನು ಸೋತಿದ್ದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಆ ಬಸ್ಸನ್ನು ವೇಣೂರಿಗೆ ಒಯ್ಯುವ ಮನಸ್ಸಾಗಲಿಲ್ಲ.